ಆ ಧೋತರ ತೊಟ್ಟಿಗೆ ಅದ್ದಬ್ಯಾಡ, ಮುತ್ಯಾ

ಗುಳೇದಗುಡ್ಡ, ಹಳೇ ಬಣ್ಣಗಾರ ಓಣಿ, ತಂಪುಕುಣಿಯ ಒಳಗಿನಿಂದ.
ಇಸವಿ ೨೨೧೪, ಫೆಬ್ರವರಿ ಮೂವತ್ತು, ಬೆಳಗಿನಿಂದ ಮಧ್ಯಾಹ್ನ ಊರು ಮಲಗುವ ಹೊತ್ತಿನವರೆಗೆ.

ತೀರ್ಥರೂಪ ಬನಪ್ಪ ಮುತ್ಯಾನ ಪಾದಗಳಿಗೆ, ಏಳು ತಲೆಮಾರು ಕೆಳಗಿನ ಮುರಿಗೆಪ್ಪನ ನಮಸ್ಕಾರಗಳು.

ತಾರೀಖು ನೋಡಿ ಇದು ಯಾರದೋ ಚೇಷ್ಟೆ ಎಂದು ಕಾಗದವನ್ನು ಒಲೆಗೆ ಹಾಕಬೇಡ. ನಿಮ್ಮ ಕಾಲದಲ್ಲಿ ಫೆಬ್ರವರಿ ಮೂವತ್ತು ಮುಟ್ಟುತ್ತಿರಲಿಲ್ಲವಂತೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿದ್ದಾರೆ. ಮಿಕ್ಕ ದಿನಗಳನ್ನು ವರ್ಷದ ಬಾಲಕ್ಕೆ ಕಟ್ಟಿ ‘ಬಿಡಿದಿನ’ ಅನ್ನುತ್ತಾರೆ. ಬಿಡಿದಿನದಲ್ಲಿ ಹುಟ್ಟಿದವರ ವಯಸ್ಸನ್ನು ಯಾವ ತಿಂಗಳಿಂದ ಹಿಡಿಯುತ್ತೀರಿ ಎಂದು ನಾನು ಪಂಚಾಯಿತಿಯಲ್ಲಿ ಕೇಳಿದ್ದೆ. ಮುಂದಿನ ಸಭೆಗೆ ಬಾ ಅಂದರು. ಅದರಲ್ಲೂ ಏನೋ ಇದೆ ಎಂದು ನನ್ನ ಅನುಮಾನ.

ನನ್ನ ಮಾತುಗಳು ನಿನಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ಕಾಲ ದೂರವಾದದ್ದು ಒಂದು ಕಾರಣ, ನಾನು ಕಲಿತವನಲ್ಲ ಎನ್ನುವುದು ಇನ್ನೊಂದು. ನಮ್ಮಲ್ಲಿ ಶಾಲೆ ನಡೆಯಬೇಕಾದರೆ ಅಂಗಳದ ಮೇಲೆ ಬಿಸಿಲುಬಟ್ಟೆ ಇರಬೇಕು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಗಾಳಿಗೆ ಬಟ್ಟೆ ಹರಿಯಿತು, ಶಾಲೆ ಮುಚ್ಚಿತು, ಮತ್ತೆ ತೆರೆಯುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು. ಇನ್ನು ನಿನ್ನನ್ನು ‘ನೀವು’ ಎನ್ನಲೋ ‘ನೀನು’ ಎನ್ನಲೋ ಎಂಬುದಕ್ಕೇ ನಿನ್ನೆ ರಾತ್ರಿಯೆಲ್ಲ ಚಿಂತೆ ಮಾಡಿದೆ. ತಲೆಮಾರಿನಲ್ಲಿ ನೀನು ನನಗಿಂತ ಏಳು ಮೆಟ್ಟಿಲು ಮೇಲಿನವನು. ಆದರೆ ಈ ಕಾಗದ ಮುಟ್ಟುವಾಗ ನಿನಗೆ ನಲವತ್ತು ವರ್ಷ, ನನಗೆ ಅರವತ್ತೊಂದು. ಮುತ್ಯಾನಿಗೆ ನಮ್ಮ ಮನೆಯಲ್ಲಿ ನೀನು ಅಂತಲೇ ಅನ್ನುವುದು, ಹಾಗೇ ಅಂದಿದ್ದೇನೆ.

ಮುಟ್ಟುವಾಗ ಎಂದು ಬರೆದೆ, ಮುಟ್ಟುತ್ತದೆಂಬ ಖಾತ್ರಿ ನನಗಿಲ್ಲ. ಇದಕ್ಕೆ ‘ಹಿಂದೋಲೆ’ ಅನ್ನುತ್ತಾರೆ, ಹಿಂದೆ ಆಗಿಹೋದವರಿಗೆ ಬರೆಯುವ ಕಾಗದ. ಅಂಚೆ ಮನೆಯ ಗೋಡೆಯಲ್ಲಿ ಕಲ್ಲಿನ ಬಾಯಿ ಒಂದಿದೆ, ಅದರಲ್ಲಿ ಹಾಕಬೇಕು. ಹೋಗುತ್ತದೆಯೇ ಎಂದು ಗುಮಾಸ್ತನನ್ನು ಕೇಳಿದರೆ ತಲೆ ಎತ್ತದೆ, “ಹೋಗ್ತೈತ್ರಿ, ಇಲ್ಲಿತನಕ ಒಂದೂ ವಾಪಸ್ ಬಂದಿಲ್ಲ” ಅಂದ. ಇದೆಂಥ ಸಾಕ್ಷಿ? ಹಿಂದೆ ನಮ್ಮ ತಾಯಿಗೆ ಒಂದು ಓಲೆ ಹಾಕಿದಾಗ ನಾನು ಅದಕ್ಕೆ ದಾರ ಕಟ್ಟಿ ತುದಿ ಕೈಯಲ್ಲಿ ಹಿಡಿದಿದ್ದೆ. ಸ್ವಲ್ಪ ಹೊತ್ತಿಗೆ ದಾರ ಸಡಿಲಾಯಿತು. ಎಳೆದು ನೋಡಿದರೆ ತುದಿ ಬೆಚ್ಚಗಿತ್ತು. ಕಾಲ ದಾಟುವ ಬಿಸಿಯೋ ಒಳಗೆ ಒಲೆ ಇಟ್ಟಿದ್ದಾರೋ, ಇವತ್ತಿನವರೆಗೂ ತಿಳಿಯದು. ಆದರೂ ಬರೆಯುತ್ತಿದ್ದೇನೆ. ಬರೆಯದೆ ಬೇರೆ ದಾರಿ ಇಲ್ಲ.

ನಮ್ಮ ಊರು ಹೇಗಿದೆ ಎಂದು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿನಗೆ ಹತ್ತುವುದಿಲ್ಲ. ಬೆಟ್ಟ ಇದ್ದಲ್ಲೇ ಇದೆ. ಬಿಸಿಲು ಮಾತ್ರ ನೀನು ಕಂಡ ಬಿಸಿಲಲ್ಲ. ನಿಮ್ಮ ಕಾಲದಲ್ಲಿ ಕುಪ್ಪಸದ ಖಣ ನೇಯುತ್ತಿದ್ದ ಮಗ್ಗಗಳಲ್ಲಿ ಈಗ ಓಣಿಯ ಮೇಲೆ ಹಾಸುವ ಬಟ್ಟೆ ನೇಯುತ್ತಾರೆ, ಅದೇ ಬಿಸಿಲುಬಟ್ಟೆ. ಮನೆಯ ಮಾಳಿಗೆಯಿಂದ ಮಾಳಿಗೆಗೆ ಹಗ್ಗ ಬಿಗಿದು ಅದನ್ನು ಹಾಸುತ್ತೇವೆ. ಹರಿದಲ್ಲಿ ಹೊಲಿಯುವುದು ನನ್ನ ಕೆಲಸ. ಮಗ್ಗದ ಕುಣಿಗಳನ್ನೇ ಇನ್ನೂ ಆಳಕ್ಕೆ ಅಗೆದು ಕೋಣೆ ಮಾಡಿಕೊಂಡಿದ್ದೇವೆ. ಅವು ತಂಪುಕುಣಿಗಳು. ಮಧ್ಯಾಹ್ನ ಊರಿಗೆ ಊರೇ ಅದರೊಳಗೆ ಇಳಿದು ಮಲಗುತ್ತದೆ. ನೀರು ತುಟ್ಟಿ, ಹಾಗಾಗಿ ಸಂಡಾಸಿಗೆ ನೀರಿಲ್ಲ. ಕೂತು ಎದ್ದ ಕೂಡಲೇ ಮೇಲಿನಿಂದ ತಾನಾಗಿ ಬೂದಿ ಬೀಳುತ್ತದೆ. ಏನು ಹೋಯಿತು ಎಂದು ಯಾರೂ ತಿರುಗಿ ನೋಡುವುದಿಲ್ಲ, ನೋಡಿದರೂ ಬೂದಿಯೇ ಕಾಣುವುದು. ಇದನ್ನು ನೆನಪಿಡು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ಆದರೆ ಇಡೀ ಕಾಗದ ಆ ಜಾಗದ ಸುದ್ದಿಯೇ.

ಈಗ ನಿನ್ನ ಹೆಸರಿನಲ್ಲಿ ನಾವು ನಡೆಸಿಕೊಂಡು ಬಂದ ಪದ್ಧತಿ. ನಮ್ಮ ಮನೆತನದ ಗಂಡಸಿಗೆ ನಲವತ್ತು ತುಂಬಿದ ವರ್ಷ, ಬನದ ಹುಣ್ಣಿಮೆಯ ದಿನ, ಅವನ ಬಿಳಿ ಧೋತರವನ್ನು ಕೆಂಪು ಬಣ್ಣದ ತೊಟ್ಟಿಗೆ ಅದ್ದುತ್ತೇವೆ. ಇದಕ್ಕೆ ‘ಕೆಂಪಿಡಿಸುವುದು’ ಅನ್ನುತ್ತೇವೆ. ಅಲ್ಲಿಂದ ಸಾಯುವವರೆಗೆ ಅವನು ಬಿಳಿ ಉಡುವಂತಿಲ್ಲ. ಆ ಬಣ್ಣಕ್ಕೆ ಪಟಕ ಹಾಕಿ ಗಟ್ಟಿ ಮಾಡಬಾರದು, ಒಗೆದಾಗಲೆಲ್ಲ ಬಿಡುತ್ತಿರಬೇಕು, ಬಿಟ್ಟ ಹಾಗೆ ಮತ್ತೆ ಅದ್ದಬೇಕು ಎನ್ನುವುದು ಕಟ್ಟಳೆ. ಯಾಕೆಂದರೆ ನಮ್ಮ ಮೂಲಪುರುಷ ಬನಪ್ಪ ಮುತ್ಯಾ, ಅಂದರೆ ನೀನು, ನಿನಗೆ ನಲವತ್ತು ತುಂಬಿದ ವರ್ಷ ನೂಲಿನ ಲಡಿಗಳಿಗೆ ಬಣ್ಣ ಕಟ್ಟುತ್ತಿದ್ದಾಗ ತೊಟ್ಟಿಯಿಂದ ಒಂದು ಹನಿ ಸಿಡಿದು ನಿನ್ನ ಧೋತರದ ಮೇಲೆ ಬಿತ್ತು. ಎಷ್ಟು ಒಗೆದರೂ ಮರುದಿನ ಅದೇ ಜಾಗದಲ್ಲಿ ಮತ್ತೆ ಮೂಡಿತು. ಬನಶಂಕರಿ ತಾಯಿ ಕುಂಕುಮ ಇಟ್ಟಳು ಎಂದು ನೀನು ಇಡೀ ಧೋತರವನ್ನೇ ತೊಟ್ಟಿಗೆ ಅದ್ದಿ ಉಟ್ಟೆ. ನಿನ್ನ ವಾರಿಗೆಯವರೆಲ್ಲ ಪ್ಯಾಂಟು ತೊಟ್ಟರೂ ನೀನು ಧೋತರ ಬಿಡಲಿಲ್ಲವಂತೆ. ಕೆಂಪಿಡಿಸುವಾಗ ಹೆಂಗಸರು ಹಾಡುವ ಹಾಡಿದೆ:

ಕಚ್ಚಿ ಮ್ಯಾಲ ಸಿಡದ ಹನಿ
ಕಣ್ಣಿಗೊತ್ತಿಕೋ ಬನಪ್ಪ
ಒಗದರ ಹೋಗದ ಕುಂಕುಮ
ತಾಯಿ ಕೊಟ್ಟದ್ದೋ ನಮ್ಮಪ್ಪ

ನಾನು ಎಲ್ಲವನ್ನೂ ಅನುಮಾನಿಸುವವನು. ಬಸ್ಸಿನ ಚಕ್ರ ನೋಡದೆ ಬಸ್ಸು ಹತ್ತುವುದಿಲ್ಲ, ಹಾಲಿನವಳ ಕೈ ನೋಡದೆ ಹಾಲು ಕುಡಿಯುವುದಿಲ್ಲ. ನನ್ನ ತಂಗಿ ಸುಗಲವ್ವ, “ನಮ್ಮಣ್ಣ ತನ್ನ ನೆಳ್ಳಿಗೂ ಗುರುತಿನ ಚೀಟಿ ಕೇಳ್ತಾನ” ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ನಗುತ್ತಾಳೆ. ಆದರೆ ಆ ಹಾಡನ್ನು ಮಾತ್ರ ನಾನು ಒಂದು ಸಲವೂ ಅನುಮಾನಿಸಲಿಲ್ಲ. ನನಗೆ ಕೆಂಪಿಡಿಸಿದಾಗ ಕಣ್ಣಲ್ಲಿ ನೀರು ಬಂದಿತ್ತು.

ಸುಗಲವ್ವ ವಿಧವೆ, ನನ್ನ ಜೊತೆಗೇ ಇರುತ್ತಾಳೆ. ಹೋದ ತಿಂಗಳು ಬಾಗಲಕೋಟೆಗೆ ಮಗಳ ಮನೆಗೆ ಹೋದವಳು ಅಲ್ಲಿ ಬಿಳಿ ಹಾಸಿಗೆಯ ಮೇಲೆ ಮಲಗಿದ್ದಾಳೆ. ಬೆಳಿಗ್ಗೆ ಎದ್ದರೆ ರಕ್ತದ ಕಲೆ. ಮುಟ್ಟು ನಿಂತು ಹತ್ತು ವರ್ಷವಾದವಳು. ಅವಳ ಮಗಳು ನೇರ ಅಲ್ಲಿನ ದವಾಖಾನೆಗೆ ಕರೆದೊಯ್ದಳು. ಗುದನಾಳದಲ್ಲಿ, ಅಂದರೆ ಕರುಳಿನ ಕಟ್ಟಕಡೆಯ ಗೇಣಿನಲ್ಲಿ, ಗಂಟು ಬೆಳೆದಿದೆ ಎಂದರು. ನನಗೆ ಸುದ್ದಿ ಮುಟ್ಟಿದಾಗ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಇನ್ನೂ ಸಿಕ್ಕಿಲ್ಲ.

ನಾನು ಬಾಗಲಕೋಟೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಲ್ಲಿಂದಲೇ ನನ್ನ ಅನುಮಾನ ಶುರುವಾದದ್ದು. ಗಂಟು ತೆಗೆದಿದ್ದೇವೆ ಎನ್ನುತ್ತಾರೆ, ತಂಗಿ ಕೂತು ಗಂಜಿ ಕುಡಿಯುತ್ತಿದ್ದಾಳೆ. ಹೊಟ್ಟೆಗೆ ಪಟ್ಟಿ ಇಲ್ಲ, ಹೊಲಿಗೆ ಇಲ್ಲ. “ಎಲ್ಲಿ ಕೊಯ್ದಾರ?” ಅಂದೆ. “ಎಲ್ಲೂ ಕೊಯ್ದಿಲ್ಲೋ ಯಣ್ಣಾ. ಬಂದ ಹಾದೀಲೇ ಹೋಗಿ ತಗದಾರ.” ನಾನು ನಂಬಲಿಲ್ಲ. ಅವಳಿಗೆ ರೇಗಿತು. “ನೋಡ್ತೀಯೇನ್ ಹೊಟ್ಟೀ? ನೋಡು. ಒಂದ್ ಗೀರಿದ್ರ ಹೇಳು. ಇನ್ನ ಆಕಡೆ ನೋಡ್ತೀನಿ ಅಂದ್ರ ಮಾತ್ರ ನಾ ತೋರ್ಸಂಗಿಲ್ಲ.” ಪಕ್ಕದ ಮಂಚದ ಮುದುಕಿ ನಕ್ಕು ನಕ್ಕು ಕೆಮ್ಮಿದಳು. ನನಗೆ ನಗು ಬರಲಿಲ್ಲ. ನನ್ನ ಕಸುಬಿನಲ್ಲಿ ಹೊಲಿಗೆ ಕಾಣದಿದ್ದರೆ ರಿಪೇರಿ ಆಗಿಲ್ಲ ಎಂದೇ ಅರ್ಥ. ಮಂಪರು ಬರಿಸಿ ಮಲಗಿಸಿ, ಏನೂ ಮಾಡದೆ ಎಬ್ಬಿಸಿ ಕಳಿಸಿದರೆ ಯಾರಿಗೆ ಗೊತ್ತು? ತಂಗಿಯ ಜೀವದ ಪ್ರಶ್ನೆ. ನಾನು ಡಾಕ್ಟರನ್ನೇ ನೋಡುತ್ತೇನೆ ಎಂದು ಹಟ ಹಿಡಿದೆ.

ಡಾಕ್ಟರ್ ಜುಲೇಖಾ ನದಾಫ ಎಂದು ಅವರ ಹೆಸರು. ಕಿರಿ ವಯಸ್ಸು, ಮಾತು ಮೆತ್ತಗೆ. ಅಷ್ಟು ಮೆತ್ತಗೆ ಮಾತಾಡುವವರು ಏನೋ ಮುಚ್ಚಿಡುತ್ತಿರುತ್ತಾರೆ ಎಂದು ನನ್ನ ಅನುಭವ. ನಾನು, “ಬಾಯೀರ, ಏನ್ ತಗದೀರಿ ಅದನ್ನ ತೋರಸ್ರಿ” ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. “ಬರ್ರಿ ಕಾಕಾ” ಎಂದು ಒಳಗೆ ಕರೆದುಕೊಂಡು ಹೋದರು.

ಮೊದಲು ತೋರಿಸಿದ್ದು ‘ಒಳಗಣ್ಣು’. ಬೆರಳಿಗಿಂತ ತುಸು ದಪ್ಪನೆಯ ಕರಿ ಕೊಳವೆ, ಬೇಕಾದ ಕಡೆ ಬಗ್ಗುತ್ತದೆ, ತುದಿಯಲ್ಲಿ ದೀಪ ಮತ್ತು ಕಣ್ಣು. ಅದರ ಹೊಟ್ಟೆಯೊಳಗಿಂದಲೇ ಸೂಜಿ, ಸಣ್ಣ ಕತ್ತಿ ಎಲ್ಲ ತೂರಿಸುತ್ತಾರೆ. ನಿಮ್ಮ ಕಾಲದಲ್ಲೂ ಇಂಥದು ಇತ್ತು ಎಂದು ಡಾಕ್ಟರ್ ಬಾಯಿ ಹೇಳಿದರು, ಹೆಸರು ಮಾತ್ರ ಬೇರೆಯಂತೆ. ನಾನು ಆ ಕೊಳವೆಯ ಎರಡೂ ತುದಿ ನೋಡಿದೆ. ನಂತರ ಒಂದು ಬಟ್ಟಲು ತಂದರು. ಅದರಲ್ಲಿ ಬೆಂಡಿನ ತುಂಡು, ಅದರ ಮೇಲೆ ಒಂದು ಮೆತ್ತನೆಯ ಚೂರು, ಮೇಲ್ಮೈ ಹೂಕೋಸಿನ ಹಾಗೆ, ಸುತ್ತ ಗುಂಡುಸೂಜಿ ಚುಚ್ಚಿ ಅಂಚು ಮುದುಡದ ಹಾಗೆ ಹರಡಿದ್ದರು. ಹರಿದ ಬಟ್ಟೆಯ ತೇಪೆಯನ್ನು ಅಳತೆಗೆ ನಾವೂ ಹಾಗೇ ಹರಡುತ್ತೇವೆ. ಅಂಚಿನಲ್ಲಿ ಗಂಟಿನ ಚೂರು ಉಳಿದಿದೆಯೇ, ಬೇರು ಆಳಕ್ಕೆ ಹೋಗಿತ್ತೇ ಎಂದು ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ನೋಡಬೇಕಂತೆ, ಅದಕ್ಕೆ ಇಡಿಯಾಗಿ ತೆಗೆಯಬೇಕಂತೆ. ನಾನು ಕಣ್ಣು ಹತ್ತಿರ ತಂದು ನೋಡಿದೆ. ಅಂಚಿನ ಕೆಳಗೆ ನೀಲಿ ಬಣ್ಣ!

ಮುತ್ಯಾ, ಬಣ್ಣಗಾರ ಮನೆತನದವನ ಎದುರಿಗೆ ಬಣ್ಣ ಕಂಡರೆ ಏನಾಗುತ್ತದೆ ನಿನಗೆ ಗೊತ್ತು. ನೂಲಿನಲ್ಲಿ ಕುಂದಿದ್ದರೆ ಅದನ್ನು ಗಾಢ ಬಣ್ಣದ ತೊಟ್ಟಿಗೆ ಹಾಕುವುದು ನಮ್ಮ ಕಸುಬಿನ ಹಳೇ ಉಪಾಯ. ಬಿಳಿಯಲ್ಲಿ ಕಾಣುವ ಕುಂದು ನೀಲಿಯಲ್ಲಿ ಕಾಣುವುದಿಲ್ಲ. ಸಿಕ್ಕಿಬಿದ್ದರು ಎಂದುಕೊಂಡೆ. “ಬಾಯೀರ, ನಮ್ಮ ಹಿರ್ಯಾರು ಬಣ್ಣದ ಮಂದಿ. ಕುಂದ್ ಮುಚ್ಚಾಕ ಬಣ್ಣ ಹಾಕ್ತೀವ್ರಿ ನಾವು. ನನ್ನ ತಂಗೀ ಹೊಟ್ಯಾಗ ನೀವ್ ಏನ್ ಮುಚ್ಚಾಕ ನೀಲಿ ಹಾಕೀರಿ?”

ಬಾಯಿ ನಕ್ಕರು. “ನಮ್ಮ ಹಿರ್ಯಾರು ಹತ್ತಿ ಹಿಂಜವ್ರು ಕಾಕಾ, ನಿಮಗ ಹತ್ತಿರದವ್ರ. ಕೇಳ್ರಿ. ರೊಟ್ಟಿ ಹಂಚಿನ ಮ್ಯಾಲ ಉಬ್ಬತೈತಲ್ಲ, ಮ್ಯಾಲಿನ ಪದರ ಬ್ಯಾರೆ ಕೆಳಗಿಂದ ಬ್ಯಾರೆ ಆಗಿ? ಗಂಟಿನ ಕೆಳಗ ಸೂಜಿಲೆ ನೀಲಿ ನೀರ್ ಬಿಟ್ರ ಹಂಗ ಉಬ್ಬತೈತಿ. ಗಂಟು ಮ್ಯಾಲ ಬರತೈತಿ, ಕರುಳಿನ ಮಾಂಸದ ಗ್ವಾಡಿ ಕೆಳಗ ಉಳೀತೈತಿ. ನಡುವ ನೀಲಿ ಕಾಣೂ ತನಕ ನಾವು ಹಾದಿ ಮ್ಯಾಗ ಅದೀವಿ ಅಂತ ಅರ್ಥ. ನೀಲಿ ಬಿಟ್ಟು ಕೆಳಗ ಹ್ವಾದ್ರ ಕರುಳು ತೂತು ಬೀಳತೈತಿ. ಗಂಟು ಬೇರು ಬಿಟ್ಟಿತ್ತಂದ್ರ ಎಷ್ಟ್ ನೀರು ಬಿಟ್ರೂ ಎತ್ತಂಗಿಲ್ಲ, ಅವಾಗ ನಾವು ಕೈ ಬಿಟ್ಟು ಹೊಟ್ಟಿ ಕೊಯ್ಯವ್ರ ಕಡೆ ಕಳಸ್ತೀವಿ. ನಿಮ್ ತಂಗೀದು ಚಂದಾಗಿ ಉಬ್ಬಿತ್ರಿ.”

ಉಬ್ಬುವ ರೊಟ್ಟಿಯ ಮಾತು ನನಗೆ ತಿಳಿಯಿತು. ಆದರೆ ತಿಳಿದ ಮಾತನ್ನೆಲ್ಲ ನಂಬಬೇಕೆಂದಿಲ್ಲವಲ್ಲ. ದುರ್ಬೀನಿನವರ ಉತ್ತರ ಬರುವವರೆಗೆ ನಾನು ದವಾಖಾನೆಯ ಕಟ್ಟೆಯ ಮೇಲೆಯೇ ಕೂತೆ. ಬಂತು. ಅಂಚು ಸ್ವಚ್ಛ ಇದೆ, ಬೇರು ಇಳಿದಿಲ್ಲ ಎಂದರು. ಮತ್ತೆ ಒಂದೆರಡು ಸಲ ಒಳಗಣ್ಣು ಹಾಕಿ ನೋಡಿಸಿಕೊಳ್ಳಬೇಕು, ಅಷ್ಟೇ. ಜೊತೆಗೆ ಇನ್ನೊಂದು ಮಾತು ಹೇಳಿದರು. ಈ ಗಂಟು ರಕ್ತದಲ್ಲಿ ಹರಿದು ಬಂದದ್ದು, ಮನೆತನದ ಜಾಡು ಹಿಡಿದು ಬರುವಂಥದು. ಸುಗಲವ್ವನ ಮಂಚದ ಪಕ್ಕ ಕೂತು ಬಾಯಿ ನನ್ನನ್ನು ಕೇಳತೊಡಗಿದರು, ನಿಮ್ಮ ತಂದೆಗೆ ಏನಾಗಿತ್ತು?

ಯಾಕೆ ಕೇಳುತ್ತಾರೆ ಎಂದು ನನಗೆ ಅನುಮಾನ. “ನಮ್ ಮನಿತನದಾಗ ಅಂಥಾದ್ದೇನೂ ಇಲ್ರಿ” ಅಂದೆ.

“ಹ್ಯಾಂಗ್ ತೀರಿಕೊಂಡ್ರು?”

“ರಕ್ತ ಕಮ್ಮಿ ಆಗಿ. ಬೆಳ್ಳಗ ಹಾಳಿ ಹಂಗ ಆಗಿದ್ದ. ದೇವಿ ಕರಕೊಂಡ್ಲು.”

“ಅವರಪ್ಪ?”

“ಅವನೂ ಹಂಗ. ನಮ್ಮಲ್ಲಿ ಗಂಡಸ್ರು ಹಂಗ ಹೋಗೂದ್ರಿ. ಬೆಳ್ಳಗಾಗಿ.” ಹೇಳುವಾಗ ನನಗೆ ಹೆಮ್ಮೆಯೇ ಇತ್ತು. ನಮ್ಮವರ ಸಾವು ಎಲ್ಲರ ಸಾವಿನಂಥದಲ್ಲ, ಕೂಗಾಟ ನರಳಾಟ ಇಲ್ಲದ್ದು ಎಂದೇ ನಾವು ತಿಳಿದಿದ್ದೆವು.

ಬಾಯಿ ನನ್ನ ಧೋತರ ನೋಡಿದರು. “ಈ ಕೆಂಪು?” ಅಂದರು. ಆಗ ನಾನು ನಿನ್ನ ಕಥೆ ಹೇಳಿದೆ. ನಲವತ್ತು ತುಂಬಿದ್ದು, ತೊಟ್ಟಿ, ಹನಿ, ತಾಯಿಯ ಕುಂಕುಮ, ಒಗೆದರೂ ಮತ್ತೆ ಮೂಡಿದ್ದು, ಎಲ್ಲ. ಹಾಡನ್ನೂ ಹೇಳಿದೆ, ಸುಗಲವ್ವ ಮಂಚದ ಮೇಲಿಂದಲೇ ದನಿಗೂಡಿಸಿದಳು. ಹಾಡು ಮುಗಿಯಿತು. “ಹನಿ ಎಲ್ಲಿ ಬಿತ್ತು ಅಂದ್ರಿ?” ಎಂದು ಬಾಯಿ ಕೇಳಿದರು.

“ಕಚ್ಚಿ ಮ್ಯಾಲ್ರೀ” ಅಂದೆ. ಕಚ್ಚೆ ಅಂದರೆ ಹಿಂದೆ ಸಿಕ್ಕಿಸುವುದು.

ಮುಂದಿನದನ್ನು ಬಾಯಿ ಕೇಳಬೇಕಾಗಲಿಲ್ಲ. ಸುಗಲವ್ವನೇ ಕೇಳಿದಳು. ಮೊದಲು ನಗುತ್ತಲೇ ಶುರು ಮಾಡಿದಳು. “ಯಣ್ಣಾ, ಬಣ್ಣಗಾರ ತೊಟ್ಟೀಗಿ ಮುಖಾ ಮಾಡಿ ನಿಂದರ್ತಾನೋ, ಕುಂಡಿ ಮಾಡಿ ನಿಂದರ್ತಾನೋ?” ಎಂದು ಕೇಳಿ, ತನ್ನ ಮಾತು ತನ್ನ ಕಿವಿಗೇ ಬಿದ್ದ ಮೇಲೆ ನಗುವನ್ನು ಅಲ್ಲಿಗೇ ನಿಲ್ಲಿಸಿದಳು. ಅವಳು ನನ್ನನ್ನು ನೋಡಿದಳು. ನಾನು ನನ್ನ ಧೋತರ ನೋಡಿಕೊಂಡೆ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ, ಮುತ್ಯಾ. ಆ ದಿನ ಏನಾಗಿರಬಹುದು ಎಂದು ನಾನು ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಬಣ್ಣದ ಮನೆಯಲ್ಲಿ ನೀನು ಬಗ್ಗಿ ಲಡಿ ಎತ್ತುತ್ತಿದ್ದೆ. ಹಿಂದಿನಿಂದ ಯಾರೋ, “ಏ ಬನಪ್ಪಾ, ನಿನ್ ಕಚ್ಚೀಗಿ ಏನೋ ಹತ್ತೇತಿ ನೋಡು” ಅಂದಿರಬೇಕು. ಬಣ್ಣದ ಮನೆಯಲ್ಲಿ ನಿಂತವನಿಗೆ ಇದಕ್ಕಿಂತ ಸುಲಭದ ಉತ್ತರ ಬೇರೆ ಎಲ್ಲಿದೆ? ಬಣ್ಣ ಅಂದೆ. ಅವರು ನಂಬಿದರು. ಮರುದಿನ ಮತ್ತೆ ಆಯಿತು. ಮೂಲವ್ಯಾಧಿ ಇರಬೇಕು ಎಂದುಕೊಂಡೆಯೋ ಏನೋ, ಮೆಣಸಿನಕಾಯಿ ಬಿಟ್ಟೆಯೋ ಏನೋ. ಆ ಜಾಗವನ್ನು ಯಾರಿಗೆ ತೋರಿಸುವುದು? ಹೆಂಡತಿಗೆ ಹೇಳಲೂ ನಾಚಿಕೆ. ಕೈಯಳತೆಯಲ್ಲೇ ತೊಟ್ಟಿ ಇತ್ತು, ಅದ್ದಿದೆ. ದೇವಿಯ ಹೆಸರು ನೀನು ಹೇಳಿದೆಯೋ, ನಿನ್ನ ಮೇಲಿನ ಪ್ರೀತಿಗೆ ಬೇರೆಯವರು ಸೇರಿಸಿದರೋ ಗೊತ್ತಿಲ್ಲ. ನಿನ್ನ ಮಗ ಅಪ್ಪನ ಹಾಗೆ ಉಟ್ಟ, ಅವನ ಮಗ ಅವನ ಹಾಗೆ. ಪಟಕ ಹಾಕದ ಬಣ್ಣ, ಒಗೆದರೆ ನೀರು ಯಾವಾಗಲೂ ಕೆಂಪು. ಒಗೆದ ಹೆಂಗಸರಿಗಾದರೂ ಏನು ತಿಳಿದೀತು? ನಮ್ಮ ಅಪ್ಪನನ್ನು ಕೆಂಪು ಧೋತರದಲ್ಲೇ ಮಣ್ಣಿಗಿಟ್ಟೆವು. ಹೆಂಗಸರ ಕಥೆ ನನಗೆ ಇನ್ನೂ ಹೆದರಿಕೆ ತರುತ್ತದೆ. ಅವರಿಗೆ ಪದ್ಧತಿಯೂ ಬೇಕಿರಲಿಲ್ಲ, ಸೀರೆ ಮೊದಲೇ ಗಾಢ ಬಣ್ಣದ್ದು. ನಮ್ಮ ಮನೆಯಲ್ಲಿ ಬೆಳ್ಳಗಾಗಿ ಹೋದ ಅತ್ತೆಯರು ಎಷ್ಟು ಮಂದಿ ಎಂದು ಸುಗಲವ್ವ ಬೆರಳು ಮಡಚಲು ಶುರು ಮಾಡಿದಳು, ನಾನು ಕೈ ಹಿಡಿದು ನಿಲ್ಲಿಸಿದೆ.

ನಿನ್ನೆ ಸುಗಲವ್ವನನ್ನು ಕರೆದುಕೊಂಡು ಊರಿಗೆ ಹೊರಡುವಾಗ ಬಾಯಿ ನಮ್ಮನ್ನು ಬಾಗಿಲವರೆಗೆ ಕಳಿಸಲು ಬಂದರು. ನಾಡಿದ್ದು ಬೆಳಿಗ್ಗೆ ನನಗೂ ಒಳಗಣ್ಣು ಹಾಕಿ ನೋಡಬೇಕು, ಹಿಂದಿನ ದಿನದಿಂದ ಬರೀ ಗಂಜಿಯ ತಿಳಿ ಕುಡಿಯಬೇಕು, ಹೊಟ್ಟೆ ತೊಳೆಯುವ ಪುಡಿ ಇದು ಎಂದು ಕೈಗಿತ್ತರು. “ನನಗೇನೂ ತ್ರಾಸಿಲ್ರಿ” ಅಂದೆ. “ಯಾವಾಗರ ರಕ್ತ ಹೋಗೇತೇನ್ರಿ?” ಎಂದು ಕೇಳಿದರು. “ಗೊತ್ತಿಲ್ರಿ” ಅಂದೆ. ಮುಚ್ಚಿಡಲು ಹೇಳಿದ ಮಾತಲ್ಲ, ಮುತ್ಯಾ. ನನಗೆ ಗೊತ್ತೇ ಇಲ್ಲ. ಇಪ್ಪತ್ತೊಂದು ವರ್ಷದಿಂದ ಕೆಂಪು ಉಟ್ಟಿದ್ದೇನೆ, ಸಂಡಾಸದಲ್ಲಿ ಬೂದಿ ಬೀಳುತ್ತದೆ, ಒಗೆದ ನೀರು ಕೆಂಪೇ ಇರುತ್ತದೆ. ಊರಿನ ಎಲ್ಲರ ಗುಟ್ಟನ್ನೂ ಅನುಮಾನಿಸಿದವನಿಗೆ ತನ್ನ ಮೈಯ ಸುದ್ದಿಯೇ ತಿಳಿಯದು.

ಆ ‘ನಾಡಿದ್ದು’ ಎಂಬುದು ನಾಳೆ. ಹೋಗಬೇಕೋ ಬೇಡವೋ ಎಂದು ನಾನು ಬೆಳಿಗ್ಗೆಯಿಂದ ಹತ್ತು ನಮೂನೆ ಯೋಚಿಸಿದ್ದೇನೆ. ಕೊಳವೆಯ ಹೆದರಿಕೆ ಒಂದು. ಮಂಪರಿನಿಂದ ಏಳದಿದ್ದರೆ ಎನ್ನುವುದು ಒಂದು. ಏನೂ ಇಲ್ಲ ಅಂದರೆ ಏಳು ತಲೆಮಾರಿನ ಪದ್ಧತಿಯನ್ನು ಸುಮ್ಮನೆ ಅನುಮಾನಿಸಿದ ಪಾಪ, ಇದೆ ಅಂದರೆ ಅಪ್ಪನನ್ನು ಕಣ್ಣೆದುರಿಗೇ ಇಟ್ಟುಕೊಂಡು ಕಳೆದುಕೊಂಡ ಸಂಕಟ. ನನ್ನ ಮಗ ಗುರಸಿದ್ದ ಹುಬ್ಬಳ್ಳಿಯಲ್ಲಿ ಬಿಸಿಲುಬಟ್ಟೆ ಕಟ್ಟುತ್ತಾನೆ. ಮುಂದಿನ ಬನದ ಹುಣ್ಣಿಮೆಗೆ ಅವನಿಗೆ ನಲವತ್ತು. ನಾನು ಹೋಗದೆ ಉಳಿದರೆ ಅವನ ಧೋತರವನ್ನು ತೊಟ್ಟಿಗೆ ಅದ್ದುವವನು ನಾನೇ. ಹಾಡು ಶುರು ಮಾಡಬೇಕಾದವಳು ಸುಗಲವ್ವ. “ನಾ ಹಾಡಂಗಿಲ್ಲ. ನೀನ ಹಾಡಿಕೋ, ಕುಣಿಕೋ” ಎಂದು ನಿನ್ನೆ ಕಡ್ಡಿ ಮುರಿದ ಹಾಗೆ ಹೇಳಿದಳು.

ಇವತ್ತು ಬೆಳಿಗ್ಗೆ ಅವಳು ಟ್ರಂಕು ತೆಗೆದು ನನ್ನ ಮದುವೆಯ ಬಿಳಿ ಧೋತರ ಹೊರಗೆ ತೆಗೆದಳು. ಡಾಂಬರು ಗುಳಿಗೆಯ ವಾಸನೆ. ಮಡಿಕೆಗಳು ಹಳದಿಯಾಗಿವೆ, ಒಂದು ಕಡೆ ಹುಳ ತಿಂದಿದೆ, ಉಳಿದದ್ದು ಬಿಳಿ. “ಉಡು” ಅಂದಳು. ದೇವಿಗೆ ತಪ್ಪುಗಾಣಿಕೆ ಇಡಬೇಕಾದೀತು ಅಂದೆ. “ದೇವಿಗಿ ನಾ ಹೇಳ್ತೀನಿ, ನೀ ಉಡು.” ಉಟ್ಟೆ. ಹೊಟ್ಟೆ ತೊಳೆಯುವ ಪುಡಿಯನ್ನು ಇನ್ನೂ ಮುಟ್ಟಿಲ್ಲ. ಎಂದಿನಂತೆ ಬೆಳಗಿನ ಸಂಡಾಸ ಮುಗಿಸಿ ಬಂದವನು ತಂಪುಕುಣಿಗೆ ಇಳಿದು ಈ ಕಾಗದಕ್ಕೆ ಕೂತೆ. ಅಲ್ಲಿಂದ ಎದ್ದಿಲ್ಲ. ಕಾಲು ಜೋಮು ಹಿಡಿದಿದೆ, ನೀರಡಿಕೆ ಆಗಿದೆ, ಎದ್ದಿಲ್ಲ. ಕಾಗದ ಇಷ್ಟು ಉದ್ದವಾದದ್ದು ಯಾಕೆ ಎಂದು ಈಗ ನಿನಗೆ ತಿಳಿದಿರಬೇಕು.

ಬಿಳಿ ಬಿಳಿಯಾಗಿಯೇ ಇದ್ದರೂ ನಾಳೆ ಬರಲೇಬೇಕು ಎಂದು ಬಾಯಿ ಹೇಳಿ ಕಳಿಸಿದ್ದಾರೆ. ಕಣ್ಣಿಗೆ ಕಾಣದಷ್ಟು ಸಣ್ಣಗೂ ರಕ್ತ ಹೋಗುತ್ತದಂತೆ, ಕೆಲವು ಗಂಟು ಬಹಳ ದಿನ ಸುಳಿವೇ ಕೊಡುವುದಿಲ್ಲವಂತೆ. ನನ್ನನ್ನು ನಾನು ಬಲ್ಲೆ. ಬಟ್ಟೆ ಸ್ವಚ್ಛ ಇದ್ದರೆ ಅದನ್ನೇ ನೆಪ ಮಾಡಿ ತಪ್ಪಿಸಿಕೊಳ್ಳುತ್ತೇನೆ. ಹಾಗಾಗಿ ಏಳುವ ಮೊದಲೇ ಇಲ್ಲಿ ಬರೆದುಬಿಡುತ್ತೇನೆ, ನಿನ್ನ ಪಾದದ ಸಾಕ್ಷಿಯಾಗಿ: ಕಲೆ ಇದ್ದರೂ ಇಲ್ಲದಿದ್ದರೂ ನಾಳೆ ಬೆಳಗಿನ ಬಸ್ಸಿಗೆ ನಾನು ಹೋಗುತ್ತೇನೆ. ಚಕ್ರ ನೋಡಿಯೇ ಹತ್ತುತ್ತೇನೆ, ಆದರೆ ಹತ್ತುತ್ತೇನೆ.

ಈಗ ನಿನ್ನಲ್ಲಿ ನನ್ನ ಕೋರಿಕೆ. ಈ ಕಾಗದ ಒಲೆಗೆ ಬೀಳದೆ ನಿನಗೆ ಮುಟ್ಟಿದರೆ, ಆ ಧೋತರವನ್ನು ತೊಟ್ಟಿಗೆ ಅದ್ದಬ್ಯಾಡ. ಕಲೆ ಇದ್ದ ಹಾಗೆಯೇ ಸುತ್ತಿ ಬಗಲಲ್ಲಿ ಇಟ್ಟುಕೊಂಡು ದವಾಖಾನೆಗೆ ಹೋಗು. ಹೆಸರು ಹೇಳಲು ನಾಚಿಕೆಯಾದರೆ ಬಟ್ಟೆ ಬಿಚ್ಚಿ ತೋರಿಸು, ಸಾಕು. ಬಂದ ಹಾದಿಯಲ್ಲೇ ಹೋಗಿ ತೆಗೆಯುವವರು ನಿಮ್ಮ ಕಾಲದಲ್ಲೂ ಇದ್ದರಂತೆ, ಹುಡುಕು. ಬಂದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ನಿನಗೆ ಏನಾಗಿತ್ತು ಎಂದು ಅದರ ಹೆಸರು ಹಿಡಿದು ಹೇಳು. ಹಾಡು ಕಟ್ಟಲು ಯಾರಿಗೂ ಬಿಡಬೇಡ. ಆಗ ಕೆಂಪಿಡಿಸುವುದು ಇರುವುದಿಲ್ಲ, ಬಹುಶಃ ಈ ಕಾಗದವೂ ಇರುವುದಿಲ್ಲ. ಇರದಿದ್ದರೆ ಇರದಿರಲಿ.

ಆ ದಿನ ನಿನ್ನ ಕಚ್ಚೆಯನ್ನು ನೀನು ಕಂಡಿರಲಿಲ್ಲ, ಬೇರೆ ಯಾರೋ ನೋಡಿ ಹೇಳಿದರು. ಅವರಿಗೆ ನೀನು ಬಣ್ಣ ಅಂದೆ. ನನಗೂ ನನ್ನ ಹಿಂಬದಿ ಕಾಣುವುದಿಲ್ಲ. ಸುಗಲವ್ವನನ್ನು ಕೂಗಿದ್ದೇನೆ. ಮೆಟ್ಟಿಲ ಮೇಲೆ ಅವಳ ಕಾಲಸಪ್ಪಳ ಕೇಳುತ್ತಿದೆ, ಬೈದುಕೊಂಡೇ ಇಳಿಯುತ್ತಿದ್ದಾಳೆ, “ಮುಗೀತೇನೋ ನಿನ್ನ ಪುರಾಣ? ಏಳೀಗ.”

ಅವಳು ಏನು ಹೇಳಿದರೂ ನಾನು ಬಣ್ಣ ಅನ್ನುವುದಿಲ್ಲ, ಮುತ್ಯಾ. ಏಳುತ್ತಿದ್ದೇನೆ.

ನಿನ್ನ ಕುಡಿ,
ಮುರಿಗೆಪ್ಪ